ಹಿರಿಯಣ್ಣನವರ ಸೋಫಾದಲ್ಲಿ ಎಷ್ಟು ಜನ

ಮೋಟಾರು ಏಜೆಂಟ್ ಹಿರಿಯಣ್ಣನವರ ಮನೆಯ ಸೋಫಾದ ಮೇಲೆ ಭಾನುವಾರ ಸಂಜೆ ಕೂರುತ್ತಿದ್ದವರು ಇಬ್ಬರೋ ಮೂವರೋ ಎಂಬುದು ನಮ್ಮೂರಿನ ಇತಿಹಾಸದಲ್ಲೇ ಅತ್ಯಂತ ಗಹನವಾದ ಪ್ರಶ್ನೆ. ಊರಿನ ಕೆರೆ ಕಟ್ಟಿಸಿದವರು ಯಾರು, ಬಾಗಿಲ ಕಲ್ಲಿನ ಮೇಲಿರುವ ಅಕ್ಷರ ಯಾವ ಕಾಲದ್ದು ಎಂಬಂಥ ಸಣ್ಣಪುಟ್ಟ ಸಂಗತಿಗಳನ್ನು ಓದಿದವರ ಪಾಲಿಗೆ ಬಿಟ್ಟು, ನಾವು ಈ ಒಂದು ಪ್ರಶ್ನೆಯನ್ನು ಕಾಫಿ ಹೋಟೆಲಿನಲ್ಲೂ ಕ್ಷೌರದಂಗಡಿಯಲ್ಲೂ, ಒಬ್ಬರಿಗೊಬ್ಬರು ಮಾತು ಬಿಡುವವರೆಗೂ ಚರ್ಚಿಸಿದೆವು. ಉತ್ತರ ಗೊತ್ತಿದ್ದವರು ಇಬ್ಬರೇ. ಒಬ್ಬ ಸುಳ್ಳು ಹೇಳುತ್ತಿದ್ದ. ಇನ್ನೊಬ್ಬರು ಅವನ ಮರ್ಯಾದೆ ಉಳಿಯಲೆಂದು ಸುಮ್ಮನಿದ್ದರು.

ಸುಳ್ಳು ಹೇಳುತ್ತಿದ್ದವನು ನನ್ನ ಗೆಳೆಯ ಮರುಳಪ್ಪ. ಸಂತೆಬೀದಿಯಲ್ಲಿ ಅವನದು ಹಗ್ಗ, ಪೊರಕೆ, ಚಾಪೆಗಳ ಅಂಗಡಿ. ಅದು ಹೊಟ್ಟೆಪಾಡು. ಅವನು ನಿಜವಾಗಿ ಬದುಕುತ್ತಿದ್ದದ್ದು ಅಂಗಡಿಯ ಹಿಂದಿನ ಮನೆಯಲ್ಲಿ, ಗೋಡೆಯುದ್ದಕ್ಕೂ ಜೋಡಿಸಿಟ್ಟ ಹಳೆಯ ಟಿವಿಗಳ ನಡುವೆ. ನಾಲ್ಕು ಕಾಲಿನ ಟಿವಿ, ಒಂದು ಕಾಲು ಮುರಿದು ಇಟ್ಟಿಗೆಯ ಆಸರೆ ಪಡೆದ ಟಿವಿ, ಕಪ್ಪುಬಿಳುಪಿನ ಗಾಜಿಗೆ ಬಣ್ಣ ಬರಲೆಂದು ಯಾರೋ ನೀಲಿ ಹಾಳೆ ಅಂಟಿಸಿದ ಟಿವಿ, ಗುಂಡಿ ಕಳೆದುಹೋಗಿ ಇಕ್ಕಳ ಹಾಕಿ ತಿರುಗಿಸಬೇಕಾದ ಟಿವಿ. ಒರೆಸುವ ಬಟ್ಟೆ ಸದಾ ಅವನ ಹೆಗಲ ಮೇಲಿರುತ್ತಿತ್ತು. ನಮ್ಮ ಮನೆಗೆ ಬಂದವರಿಗೆ ನಮ್ಮ ಮುಖ ಕಾಣುವುದೇ ಇಲ್ಲ, ಗಾಜುಗಾಜಿನಲ್ಲೂ ತಮ್ಮ ಮುಖ ನೋಡಿಕೊಂಡು ತಲೆ ಬಾಚಿಕೊಂಡು ಹೋಗುತ್ತಾರೆ ಎಂದು ಅವನ ಹೆಂಡತಿ ಸಿದ್ದಮ್ಮ ಹೇಳುತ್ತಿದ್ದಳು. ಕೋಪದಿಂದಲ್ಲ, ಮಳೆಯ ಸುದ್ದಿ ಹೇಳುವ ಹಾಗೆ.

ಹಳೆಯ ಟಿವಿ ಕೂಡಿಹಾಕುವ ಹವ್ಯಾಸ ಬೇರೆ ಊರುಗಳಲ್ಲೂ ಇದೆಯಂತೆ. ಅಲ್ಲಿ ಟಿವಿ ತಂದು, ರಿಪೇರಿಯವನನ್ನು ಕರೆಸಿ, ಪ್ಲಗ್ ಚುಚ್ಚಿದರೆ ಮುಗಿಯಿತು. ನಮ್ಮೂರಿನಲ್ಲಿ ಹಾಗಲ್ಲ. ಮೊದಲ ಮನೆಯವರು ಅದರ ಮುಂದೆ ಹೇಗೆ ಕೂರುತ್ತಿದ್ದರೋ ಹಾಗೆ ಕೂತರೆ ಮಾತ್ರ ಇಲ್ಲಿ ಹಳೆಯ ಟಿವಿ ಹತ್ತುತ್ತದೆ. ಜನ ಅವರೇ ಆಗಬೇಕೆಂದಿಲ್ಲ, ಜಾಗ ತುಂಬಿದರೆ ಸಾಕು. ಅಜ್ಜ ಕೂರುತ್ತಿದ್ದಲ್ಲಿ ಯಾರಾದರೊಬ್ಬರು, ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇಣುಕುತ್ತಿದ್ದರೆ ಅಲ್ಲೊಬ್ಬರು. ಒಂದು ಜಾಗ ಖಾಲಿ ಉಳಿದರೂ ಹತ್ತದು, ಒಬ್ಬರು ಹೆಚ್ಚಾದರೂ ಹತ್ತದು. ಹತ್ತಿದ ಮೇಲೆ ಬರುವುದು ಬದನೆ ಗಿಡದ ರೋಗವೋ, ವಾರ್ತೆಯೋ, ವೀಣೆ ಕಚೇರಿಯೋ. ಎಲ್ಲಿಂದ ಬರುತ್ತದೆ ಎಂದು ಕೇಳುವ ಅಭ್ಯಾಸ ನಮ್ಮೂರಿಗಿಲ್ಲ. ಬರುತ್ತದೆ, ಅಷ್ಟೆ.

ಆದ್ದರಿಂದ ನಮ್ಮಲ್ಲಿ ಟಿವಿ ಕೈ ಬದಲಾಯಿಸುವಾಗ ಜಾಗ ಒಪ್ಪಿಸುವ ಶಾಸ್ತ್ರವೊಂದಿದೆ. ಆ ಮನೆಯಲ್ಲಿ ಕೂತು ನೋಡಿದವರೊಬ್ಬರು ಬಂದು, ಎಲೆಅಡಿಕೆ ತೆಗೆದುಕೊಂಡು, ಯಾರು ಎಲ್ಲಿ ಕೂರುತ್ತಿದ್ದರೆಂದು ತೋರಿಸಿ ಹೇಳಬೇಕು. ಇದರಿಂದ ಹೊರಬಿದ್ದ ಮನೆಗುಟ್ಟುಗಳು ಒಂದೆರಡಲ್ಲ. ಊರೆಲ್ಲ ಅನ್ಯೋನ್ಯ ಎಂದುಕೊಂಡಿದ್ದ ದಂಪತಿ ಟಿವಿಯ ಎರಡು ತುದಿಗೆ, ನಡುವೆ ಒಂದು ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂರುತ್ತಿದ್ದರೆಂದು ಗೊತ್ತಾದದ್ದು ಹೀಗೆ. ಶಾಸ್ತ್ರಕ್ಕೆ ಕಟ್ಟಳೆಗಳೂ ಇವೆ. ಮೂರು ಸಲ ಕೂತರೂ ಹತ್ತದ ಟಿವಿಯ ಮುಂದೆ ನಾಲ್ಕನೆಯ ಸಲ ಯಾರೂ ಕೂರುವುದಿಲ್ಲ. ಹತ್ತಿದ ಟಿವಿಯ ಮುಂದಿನಿಂದ ಕಾರ್ಯಕ್ರಮ ಮುಗಿಯುವ ಮೊದಲು ಒಬ್ಬರು ಜಾಗ ಬಿಟ್ಟರೂ ಅದು ಆರಿಹೋಗುತ್ತದೆ, ಮತ್ತೆಂದೂ ಹತ್ತುವುದಿಲ್ಲ. ಕುಕ್ಕರ್ ಕೂಗಿತೆಂದು ಎದ್ದ ಒಬ್ಬಾಕೆಯಿಂದ ಬಡಗಿ ಬೀದಿಯವರ ಒಳ್ಳೆಯದೊಂದು ಟಿವಿ ಹೋಯಿತು. ಅಂಥವುಗಳ ಹೊಟ್ಟೆ ಬಗೆದು, ಒಣಹುಲ್ಲು ಹಾಸಿ, ಕೋಳಿಮರಿ ಬಿಡುತ್ತಾರೆ. ಮರಿಗಳಿಗೆ ಬೆಚ್ಚಗಿರುತ್ತದೆ.

ಹೀಗೆ ಬೇರೆಯವರ ಮನೆಯ ಜಾಗಗಳಲ್ಲಿ ಕೂತು ಕೂತು ಊರಿನಲ್ಲಿ ಕೆಲವರು ನುರಿತರು. ಅಜ್ಜಿಯ ಜಾಗಕ್ಕೆ ಗಂಗಮ್ಮನನ್ನು ಮೀರಿಸುವವರಿಲ್ಲ. ಮೈತುಂಬಿದ ಯಜಮಾನರ ಜಾಗಕ್ಕೆ ಹೋಟೆಲ್ ಈರಣ್ಣ. ಅಣ್ಣತಮ್ಮಂದಿರು ಬೇಕಾದರೆ ಸೈಕಲ್ ಅಂಗಡಿಯ ದಾದಾಪೀರ್ ಮತ್ತು ಅವನ ತಮ್ಮ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದಿಕೊಂಡಿದ್ದವನು, ಬೇರೆಯವರ ತಪ್ಪು ಹುಡುಕಿ ಹುಡುಕಿ ಮುಖಕ್ಕೆ ಒಂದು ಬಗೆಯ ಹುಳಿ ಬಂದಿದೆ. ಟಿವಿಯಿಂದ ದೇಶ ಹಾಳಾಯಿತು ಎನ್ನುತ್ತ, ಕೂರುವುದಿಲ್ಲವೆಂದು ಹಟ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ ಕೊನೆಯವರೆಗೂ ನೋಡುವ ಗಂಡಸೊಬ್ಬ ಆ ಕಾಲದ ಪ್ರತಿ ಮನೆಯಲ್ಲೂ ಇದ್ದ. ಆ ಜಾಗ ನನ್ನದು. ಬೇರೆ ಬೀದಿಯವರೂ ಹೇಳಿ ಕಳಿಸುತ್ತಾರೆ.

ಮರುಳಪ್ಪ ಮಾತ್ರ ಯಾವ ಟಿವಿ ತಂದರೂ ಒಳ್ಳೆಯ ಜಾಗವನ್ನೇ ಆರಿಸಿಕೊಳ್ಳುತ್ತಿದ್ದ. ಸೋಫಾ ಇದ್ದರೆ ಸೋಫಾ, ಇಲ್ಲದಿದ್ದರೆ ಕುರ್ಚಿ, ಕುರ್ಚಿಯಿಲ್ಲದ ಮನೆಯಾದರೆ ಚಾಪೆಯ ನಟ್ಟನಡುವೆ. ಕೂತು ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕರೆಸಿಕೊಂಡವನ ಹಾಗೆ ನೋಡುತ್ತಿದ್ದ. ಮುಗಿದ ಮೇಲೆ, ಚೆನ್ನಾಗಿತ್ತು, ಆದರೆ ಹಿರಿಯಣ್ಣನವರ ಮನೆಯದರ ಮುಂದೆ ಇದೇನೂ ಅಲ್ಲ ಎನ್ನುತ್ತಿದ್ದ. ನಾವೆಲ್ಲ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಊರಿಗೆ ಬಂದ ಮೊದಲ ಟಿವಿ ಅದು. ತೇಗದ ಪೆಟ್ಟಿಗೆ, ಎರಡು ಕಡೆಗೂ ಸರಿಯುವ ಪಟ್ಟಿಬಾಗಿಲು, ಅದಕ್ಕೊಂದು ಪುಟ್ಟ ಬೀಗ. ಹಿರಿಯಣ್ಣನವರ ಹೆಂಡತಿ ಬೀದಿಯ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಾಲಲ್ಲಿ ಮಣ್ಣಿರುತ್ತದೆ ಎನ್ನುವುದು ಅವರ ಮಾತು. ನಿಜವೇ, ಇರುತ್ತಿತ್ತು. ಆದರೆ ಮರುಳಪ್ಪ, ನಾನು ಒಳಗೆ ಹೋಗುತ್ತಿದ್ದೆ, ಅವರ ಸೋಫಾದ ಮೇಲೇ ಕೂರುತ್ತಿದ್ದೆ, ನಮ್ಮಪ್ಪ ಅವರ ಲಾರಿಗಳಿಗೆ ಹಗ್ಗ ಕೊಡುತ್ತಿದ್ದನಲ್ಲ ಎಂದು ಹೇಳಿಕೊಂಡು ಬಂದಿದ್ದ. ಶಾಲೆಯಲ್ಲಿ ನಮಗೆ ಹೇಳಿದ. ಹೆಣ್ಣು ನೋಡಲು ಹೋದಾಗ ಸಿದ್ದಮ್ಮನ ತಂದೆಗೆ ಹೇಳಿದ. ಹಿರಿಯಣ್ಣನವರು ಪಕ್ಕದಲ್ಲಿ ಕೂರಿಸಿಕೊಂಡ ಹುಡುಗ ಎಂದರೆ ಸಾಮಾನ್ಯವೇ ಎಂದು ಆ ಮನುಷ್ಯ ಅಂದೇ ಒಪ್ಪಿಗೆ ಕೊಟ್ಟರು.

ಆ ಟಿವಿ ಹಿರಿಯಣ್ಣನವರ ಮನೆ ಬಿಟ್ಟು ಹೊರಗೆ ಬಂದದ್ದಿಲ್ಲ. ಮನೆಯವರು ಒಬ್ಬೊಬ್ಬರಾಗಿ ಕಾಲವಾದರು, ಇಲ್ಲವೇ ಊರು ಬಿಟ್ಟರು. ಮರುಳಪ್ಪ ದಿನವೂ ಅಂಗಡಿಗೆ ಆ ಬೀದಿಯಿಂದಲೇ ಬರುತ್ತಿದ್ದ. ಅವನ ಮನೆಯಿಂದ ಅಂಗಡಿಗೆ ಒಂದೇ ಬಾಗಿಲು ಅಡ್ಡ, ಬೀದಿಗಿಳಿಯುವ ಅಗತ್ಯವೇ ಇಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಕೊನೆಗೆ ಈ ವರ್ಷ ಮನೆ ಬೇರೆಯವರ ಪಾಲಾಯಿತು, ಕೆಡವಿ ಲಾಡ್ಜ್ ಕಟ್ಟುತ್ತಾರೆಂದು ಸುದ್ದಿಯಾಯಿತು, ಸಾಮಾನು ತೆರವು ಮಾಡಲು ಹಿರಿಯಣ್ಣನವರ ಮಗಳು ವಿಮಲಾಕ್ಷಿ ಬಂದಿಳಿದರು. ನಮಗಿಂತ ಎರಡು ವರ್ಷ ದೊಡ್ಡವರು. ಚಿಕ್ಕಂದಿನಲ್ಲಿ ಎರಡು ಜಡೆ, ಈಗ ಒಂದು ತೆಳ್ಳನೆಯ ಗಂಟು. ಮರುಳಪ್ಪ ಹೊಸ ಪಂಚೆ ಉಟ್ಟು ಹೋಗಿ ಕೇಳಿದ. ಅವರು ಬಹಳ ಹೊತ್ತು ಅವನ ಮುಖವನ್ನೇ ನೋಡಿ, ನೀವಲ್ಲದೆ ಇನ್ಯಾರು ತೊಗೋಬೇಕು ಮರುಳಪ್ಪ, ಎಂದು ಸೋಫಾ, ಕುರ್ಚಿ, ಮಂಚಗಳ ಸಮೇತ ಹಾಗೇ ಕೊಟ್ಟುಬಿಟ್ಟರು. ಆ ಮಾತನ್ನು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ಅದಕ್ಕೆ ಇನ್ನೊಂದು ಅರ್ಥವೂ ಇರಬಹುದೆಂದು ನನಗೂ ಆಗ ಹೊಳೆಯಲಿಲ್ಲ.

ಜಾಗ ಒಪ್ಪಿಸಲು ಮರುಳಪ್ಪನ ಮನೆಗೆ ವಿಮಲಾಕ್ಷಿಯವರೇ ಬಂದರು. ಬೆತ್ತದ ಕುರ್ಚಿಯಲ್ಲಿ ಅಪ್ಪ. ನೆಲದ ಮೇಲೆ ಮೊರ ಇಟ್ಟುಕೊಂಡು ತರಕಾರಿ ಹೆಚ್ಚುತ್ತ ಅಮ್ಮ. ಮಂಚದ ಮೇಲೆ, ಗೋಡೆಗೆ ಮುಖ ಮಾಡಿ ಅಜ್ಜಿ, ಏಕೆಂದರೆ ವಾರ್ತೆ ಓದುವವನು ಪರಗಂಡಸು. ಸೋಫಾದಲ್ಲಿ ಅಣ್ಣಂದಿರಿಬ್ಬರು. ಚಿತ್ರ ಹಾರಿದಾಗ ಪೆಟ್ಟಿಗೆಯ ತಲೆಗೊಂದು ಏಟು ಕೊಡಲು ಟಿವಿಯ ಪಕ್ಕ, ಮೋಡಾ ಎಂಬ ಬೆತ್ತದ ಪುಟ್ಟ ಪೀಠದ ಮೇಲೆ ತಾವು. ಬಾಗಿಲಲ್ಲಿ ಸೋದರಮಾವ. ಇಷ್ಟು ಹೇಳಿ ಅವರು ನಿಲ್ಲಿಸಿದಾಗ ಮರುಳಪ್ಪ ಗಂಟಲು ಸರಿಮಾಡಿಕೊಂಡು, ಸೋಫಾದ ಈ ತುದಿಯಲ್ಲಿ ನಾನು, ಎಂದ. ನಾವೆಲ್ಲ ಅವರ ಕಡೆ ನೋಡಿದೆವು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಇದ್ದಿರಬಹುದು ಎಂದರು.

ಮೊದಲ ಭಾನುವಾರ ನಾವು ಹಾಗೆಯೇ ಕೂತೆವು. ಈರಣ್ಣ ಬೆತ್ತದ ಕುರ್ಚಿಯಲ್ಲಿ, ಹೇಗೂ ಹೆಚ್ಚಲೇಬೇಕಾದ ಹುರುಳಿಕಾಯಿ ಹಿಡಿದು ಸಿದ್ದಮ್ಮ ಅಮ್ಮನ ಜಾಗದಲ್ಲಿ, ಗಂಗಮ್ಮ ಗೋಡೆಗೆ ಮುಖ ಮಾಡಿ, ದಾದಾಪೀರ್ ಸೋದರರೂ ಮರುಳಪ್ಪನೂ ಸೋಫಾದಲ್ಲಿ, ನಾನು ಬಾಗಿಲಿಗೆ ಒರಗಿ ದೇಶದ ಬಗ್ಗೆ ಚಿಂತಿಸುತ್ತ. ವಿಮಲಾಕ್ಷಿ ತಮ್ಮ ಜಾಗದಲ್ಲಿ ತಾವೇ ಕೂತರು. ಮರುಳಪ್ಪ ಎದ್ದು ಹೋಗಿ ಪಟ್ಟಿಬಾಗಿಲು ಸರಿಸಿ, ಗುಂಡಿ ಒತ್ತಿ, ಓಡಿ ಬಂದು ಕೂತ. ಗಾಜಿನಲ್ಲಿ ಸೋಫಾದ ಮೇಲಿನ ಮೂವರ ಮಂಡಿಗಳು ಕಂಡವು. ಬೇರೇನೂ ಕಾಣಲಿಲ್ಲ.

ಆಗ ಶುರುವಾದದ್ದೇ ನಾನು ಮೊದಲಿಗೆ ಹೇಳಿದ ಚರ್ಚೆ. ಸೋಫಾ ಇದ್ದದ್ದೇ ಇಬ್ಬರ ಅಳತೆಯದು ಎಂದು ಅದನ್ನು ಹೊತ್ತು ತಂದ ಹಮಾಲರು ಹೇಳಿದರು. ಮಕ್ಕಳಾದರೆ ಮೂವರು ಹಿಡಿಯುತ್ತಾರೆಂದು ಈರಣ್ಣ ವಾದಿಸಿದ. ಮರುಳಪ್ಪನನ್ನು ಅಲ್ಲಿ ಕಂಡವರು ಯಾರೂ ಇರಲಿಲ್ಲ. ಒಳಗೆ ಹೋಗಿದ್ದವರೇ ಇಲ್ಲವಲ್ಲ, ಕಾಣುವುದು ಹೇಗೆ ಎಂದು ಅವನ ಕಡೆಯವರು ಕೇಳಿದರು. ನಾನು ಅಂಗಡಿಗೆ ಹೋಗಿ, ಪೊರಕೆ ಬೆಲೆ ವಿಚಾರಿಸುವವನ ಹಾಗೆ ನಿಂತು, ಸೋಫಾದ ಬಟ್ಟೆಯ ಬಣ್ಣ ಯಾವುದಿತ್ತು ಎಂದು ಕೇಳಿದೆ. ಹಸಿರು, ಎಂದ ತಕ್ಷಣ. ಅದು ಈಗಲೂ ಎಲ್ಲರಿಗೂ ಕಾಣುವ ಹಾಗೇ ಇತ್ತು. ಆಗ, ಹೊಸದರಲ್ಲಿ, ಮುಟ್ಟಿದರೆ ಹೇಗಿತ್ತು ಎಂದೆ. ಅವನು ಹಗ್ಗದ ಸುರುಳಿಗಳನ್ನು ಎಣಿಸಲು ಒಳಗೆ ಹೋದ. ಎರಡನೆಯ ಭಾನುವಾರ, ಆ ಮನೆಯಲ್ಲಿ ಬೆಕ್ಕಿತ್ತೆಂದು ಗಂಗಮ್ಮ ನೆನಪು ಮಾಡಿಕೊಂಡದ್ದರಿಂದ, ಹೋಟೆಲಿನ ಬೆಕ್ಕನ್ನು ಈರಣ್ಣನ ತೊಡೆಯ ಮೇಲೆ ಕೂರಿಸಿದೆವು. ಬೆಕ್ಕು ಈರಣ್ಣನನ್ನು ಪರಚಿತು. ಟಿವಿ ಹತ್ತಲಿಲ್ಲ. ಬೆಕ್ಕು ಮಂಚದಡಿಯಲ್ಲಿ ಮಲಗುತ್ತಿತ್ತು, ಟಿವಿ ನೋಡುತ್ತಿರಲಿಲ್ಲ ಎಂದು ವಿಮಲಾಕ್ಷಿ ಆಮೇಲೆ ಹೇಳಿದರು.

ಉಳಿದದ್ದು ಒಂದೇ ಸಲ. ಮೂರನೆಯ ಭಾನುವಾರದ ಮರುದಿನವೇ ವಿಮಲಾಕ್ಷಿ ಹೊರಡುವವರು, ಮತ್ತೆ ಬರಲು ಇಲ್ಲಿ ಅವರಿಗೆ ಮನೆಯಿಲ್ಲ. ಆ ವಾರ ಮರುಳಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಪೊರಕೆ ಕೇಳಿದವರಿಗೆ ಚಾಪೆ ಕೊಟ್ಟ. ಮೂರು ಹೊತ್ತೂ ಆ ತೇಗದ ಪೆಟ್ಟಿಗೆಯನ್ನು ಒರೆಸುತ್ತಿದ್ದ, ಆದರೆ ಗಾಜನ್ನಲ್ಲ. ಗಾಜಿನ ಎದುರಿಗೇ ನಿಲ್ಲುತ್ತಿರಲಿಲ್ಲ. ಅದರಲ್ಲಿ ಚಿತ್ರ ಬರಬೇಕೆಂದು ಅವನು ಇಷ್ಟು ವರ್ಷ ಹಂಬಲಿಸಿದ್ದಲ್ಲ, ಅದು ನನಗೂ ಅರ್ಥವಾಗತೊಡಗಿತ್ತು. ವಾರ್ತೆ, ಬದನೆ ಗಿಡ, ವೀಣೆ, ಇವೆಲ್ಲ ಬೇರೆ ಟಿವಿಗಳಲ್ಲೂ ಬರುತ್ತಿದ್ದವು. ಆ ಟಿವಿ ಹತ್ತಿದಾಗ ತಾನು ಸೋಫಾದ ಮೇಲಿರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಮೂರನೆಯ ಭಾನುವಾರ ಎಲ್ಲರೂ ಬೇಗ ಸೇರಿದೆವು. ವಿಮಲಾಕ್ಷಿ ಮೋಡಾದ ಕಡೆ ಹೋಗದೆ ನೇರ ಹಿಂಬೀದಿಯ ಕಿಟಕಿಯ ಹತ್ತಿರ ಹೋದರು. ಅದಕ್ಕೆ ಮರುಳಪ್ಪ ಒಂದು ಪರದೆ ಕಟ್ಟಿ, ಬಿಸಿಲಿಲ್ಲದಿದ್ದರೂ ಮೂರು ವಾರದಿಂದ ಪೂರ್ತಿ ಎಳೆದೇ ಇಟ್ಟಿದ್ದ. ಅವರು ಪರದೆಯ ಒಂದು ಅಂಚನ್ನು ಮಡಚಿ, ಎರಡು ಸರಳುಗಳ ನಡುವೆ ಸಿಕ್ಕಿಸಿದರು. ಒಂದು ಮುಖ ಕಾಣುವಷ್ಟು ಜಾಗ ತೆರೆದುಕೊಂಡಿತು.

“ನಮ್ಮ ಮನೇಲಿ ಪರದೆ ಹೀಗಿರ್ತಿತ್ತು,” ಎಂದರು.

ಮರುಳಪ್ಪ ಹೆಗಲ ಬಟ್ಟೆ ತೆಗೆದು ಕೈ ಒರೆಸಿಕೊಂಡ. ಕೈಯಲ್ಲಿ ಏನೂ ಇರಲಿಲ್ಲ.

“ಬಾಗಿಲು ತೆಗೀಬೇಡ ಅಂತ ಅಮ್ಮ ಹೇಳಿದ್ಳು. ಪರದೆ ವಿಷಯ ಏನೂ ಹೇಳಿರ್ಲಿಲ್ಲ. ಅದಕ್ಕೇ ದಿನಾ ನಾನೇ ಮಡಚಿ ಇಡ್ತಿದ್ದೆ.” ಅವರು ಇಷ್ಟು ದಿನ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು, ಈಗ ಮೆಲ್ಲಗೆ ಹೇಳಿದರು. “ನೀನು ಅಲ್ಲಿದ್ದೆ ಕಣೋ ಮರುಳ.”

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ಹಂಗಾದ್ರೆ ನಮ್ಮಪ್ಪಂಗೆ ಹೇಳಿದ್ದು, ಎಂದು ಸಿದ್ದಮ್ಮ ಕೇಳಿದಳು. ಗಂಡನ ಮುಖ ನೋಡಿದಳು. ಆಮೇಲೆ, ಆಗ್ಲಿ ಬಿಡಿ, ನಮ್ಮಪ್ಪ ಈಗೆಲ್ಲಿ ಕೇಳೋಕೆ ಬರ್ತಾನೆ, ಎಂದು ಮತ್ತೆ ಕಾಯಿ ಮುರಿಯತೊಡಗಿದಳು.

ಲೆಕ್ಕ ಈಗ ಎಲ್ಲರಿಗೂ ತಿಳಿಯಿತು. ಒಳಗೆ ಒಬ್ಬ ಹೆಚ್ಚು, ಹೊರಗೆ ಒಬ್ಬ ಕಮ್ಮಿ. ಮರುಳಪ್ಪ ಚಪ್ಪಲಿ ಮೆಟ್ಟಲು ಹೊರಟ. ಅವನ ಬೆನ್ನು ನೋಡಿ ನನಗೆ ಏನೆನ್ನಿಸಿತೋ, ಬಾಗಿಲಲ್ಲೇ ಇದ್ದವನಾದ್ದರಿಂದ ಅಡ್ಡ ನಿಂತೆ. ಜಾಗ ತುಂಬಿದರೆ ಸಾಕಲ್ಲವೇ, ಜನ ಯಾರಾದರೇನು, ನಾನು ಹೊರಗೆ ಹೋಗುತ್ತೇನೆ, ನೀನು ಸೋಫಾದ ಮೇಲೆ ಕೂರು, ದಾದಾಪೀರನ ತಮ್ಮ ನನ್ನ ಜಾಗದಲ್ಲಿ ನಿಲ್ಲಲಿ ಎಂದೆ. ದಾದಾಪೀರನ ತಮ್ಮ, ದೇಶದ ಬಗ್ಗೆ ಏನು ಚಿಂತೆ ಮಾಡಬೇಕು ಅಂತ ಹೇಳಿಹೋಗಿ, ಎಂದ. ಎಲ್ಲರೂ ನಕ್ಕರು. ಮರುಳಪ್ಪ ನಗಲಿಲ್ಲ. ಅಂಗಡಿಗೆ ಹೋಗಿ ಹಗ್ಗದ ದೊಡ್ಡ ಸುರುಳಿಯೊಂದನ್ನು ಉರುಳಿಸಿಕೊಂಡು ಬಂದು ಕಿಟಕಿಯ ಹೊರಗೆ ಹಾಕಿದ. ಅದರ ಮೇಲೆ ನಿಲ್ಲು, ಇಲ್ಲದಿದ್ದರೆ ಎಟುಕುವುದಿಲ್ಲ ಎಂದ. ನಿಂತೆ. ಸರಳಿನ ಅಡ್ಡಪಟ್ಟಿ ಸರಿಯಾಗಿ ಗಲ್ಲಕ್ಕೆ ಬಂತು.

ಹೊರಗೆ ಮೋರಿಯಿತ್ತು, ಸೊಳ್ಳೆಯಿತ್ತು, ದಾರಿಯಲ್ಲಿ ಹೋಗುವವರು ಏನು ನಾಗೋಜಿ, ಕಿಟಕಿ ಇಣುಕುವ ವಯಸ್ಸೇ ಇದು ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಒಳಗೆ ಮರುಳಪ್ಪ ಗುಂಡಿ ಒತ್ತಿ ಬಂದು, ದಾದಾಪೀರನ ಪಕ್ಕ ಸೋಫಾದ ತುದಿಯಲ್ಲಿ ಕೂತ. ಗಾಜಿನ ನಡುವೆ ಅಕ್ಕಿಕಾಳಿನಷ್ಟು ಬೆಳಕು ಕಾಣಿಸಿಕೊಂಡಿತು. ಅದು ಅಗಲವಾಯಿತು. ಕರಕರ ಸದ್ದಾಯಿತು. ವಿಮಲಾಕ್ಷಿ ಪೆಟ್ಟಿಗೆಯ ತಲೆಗೆ ಅಂಗೈಯಿಂದ ಒಂದು ಏಟು ಕೊಟ್ಟರು. ಟಿವಿ ಹತ್ತಿತು.

ಏನು ಬಂತೆಂದು ನನ್ನನ್ನು ಕೇಳಬಾರದು. ಈರಣ್ಣನ ತಲೆ ಅಡ್ಡವಿತ್ತು. ನನಗೆ ಕಂಡದ್ದು ಗಾಜಿನ ಎಡಗಡೆಯ ಒಂದು ಪಟ್ಟಿ. ಅದರಲ್ಲಿ ಯಾರದೋ ಒಂದು ಕಿವಿ, ಒಂದು ಭುಜ, ಮತ್ತೆ ಸ್ವಲ್ಪ ಹೊತ್ತಿನ ಮೇಲೆ ನಿಂಬೆಗಿಡದ ಒಂದು ರೆಂಬೆ. ನಿಂಬೆಗೆ ಕಸಿ ಕಟ್ಟುವ ವಿಷಯವಿರಬೇಕು. ಒಳಗೆ ಯಾವುದಕ್ಕೋ ಎಲ್ಲರೂ ಒಟ್ಟಿಗೆ ನಕ್ಕರು. ಗೋಡೆಗೆ ಮುಖ ಮಾಡಿದ್ದ ಗಂಗಮ್ಮನೂ ನಕ್ಕಳು. ನಾನು ಹಗ್ಗದ ಮೇಲೆ ತುದಿಗಾಲಲ್ಲಿ ನಿಂತೆ, ಬಗ್ಗಿದೆ, ಕತ್ತು ಹೊರಳಿಸಿದೆ. ನಗುವಿಗೆ ಕಾರಣ ಕಾಣಲಿಲ್ಲ. ಐವತ್ತು ದಾಟಿದವನು, ಬೇಕಾದಷ್ಟು ಓದಿಕೊಂಡವನು, ಒಂದು ಗಳಿಗೆಗೆ ನನಗೆ ಆ ಹಜಾರದ ಒಳಗಿರುವುದಕ್ಕಿಂತ ದೊಡ್ಡದು ಲೋಕದಲ್ಲಿ ಯಾವುದೂ ಇಲ್ಲವೆನ್ನಿಸಿತು. ಅವರೆಲ್ಲರ ಮುಖದ ಮೇಲೆ ಬೂದುಬಣ್ಣದ ಬೆಳಕು ಆಡುತ್ತಿತ್ತು. ಗುರುತಿನವರೇ, ದಿನವೂ ಕಾಣುವವರೇ. ಆದರೂ ಯಾವುದೋ ಒಳ್ಳೆಯ ಮನೆತನದವರ ಹಾಗೆ ಕಂಡರು.

ಹಾಗೆ ನೋಡುತ್ತಿದ್ದಾಗ ಗೊತ್ತಾಯಿತು, ಒಬ್ಬ ಮಾತ್ರ ಟಿವಿ ನೋಡುತ್ತಿರಲಿಲ್ಲ. ಮರುಳಪ್ಪ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಇಷ್ಟು ವರ್ಷ ಎಲ್ಲಿ ಕೂರುತ್ತಿದ್ದೆನೆಂದು ಹೇಳಿಕೊಂಡಿದ್ದನೋ ಅಲ್ಲೇ ಕೂತಿದ್ದ. ಆದರೆ ಕತ್ತು ಪೂರ್ತಿ ಕಿಟಕಿಯ ಕಡೆ ತಿರುಗಿತ್ತು. ಪರದೆ ಮಡಚಿದ ಆ ಸಂದಿಯಲ್ಲಿ ಸರಳಿಗೆ ಗಲ್ಲವಿಟ್ಟು ನಿಂತ ಮುಖವನ್ನು ಅವನು ಒಳಗಿನಿಂದ ಹಿಂದೆಂದೂ ನೋಡಿರಲಿಲ್ಲ. ನೋಡುತ್ತಲೇ ಇದ್ದ. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ ಎಂದು ನನಗೆ ತಿಳಿಯದೆ ಇರಲಿಲ್ಲ.

“ನಾಗೋಜಿ,” ಎಂದ. “ಒಳಗೆ ಬಾ.”

ಎಲ್ಲರೂ ಅವನ ಕಡೆ ತಿರುಗಿದರು. ಯಾರೂ ಜಾಗ ಬಿಡಲಿಲ್ಲ. ಕಸಿ ಕಟ್ಟುವವನು ತನ್ನ ಪಾಡಿಗೆ ಮಾತಾಡುತ್ತಿದ್ದ.

“ಆರಿಹೋಗುತ್ತೆ ಕಣಯ್ಯ,” ಎಂದೆ. “ಮತ್ತೆ ಹತ್ತಲ್ಲ.”

“ಹೋಗ್ಲಿ, ಬಾ. ಸೊಳ್ಳೆ ಕಚ್ತವೆ.”

ನಾನು ವಿಮಲಾಕ್ಷಿಯವರನ್ನು ನೋಡಿದೆ. ಅವರ ಮನೆಯ ಟಿವಿ, ಅವರಪ್ಪನ ಕುರ್ಚಿ, ಅವರಮ್ಮನ ಮೊರ, ಕೊನೆಯ ಸಲ. ಅವರು ಎದ್ದು ಹೋಗಲಿಲ್ಲ, ಬೇಡವೆನ್ನಲೂ ಇಲ್ಲ. ಪೆಟ್ಟಿಗೆಯ ತಲೆಯ ಮೇಲಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಆಗಲಿ ಎಂಬಂತೆ ತಲೆಯಾಡಿಸಿದರು. ಸಿದ್ದಮ್ಮ, ಕಾಲು ತೊಳ್ಕೊಂಡು ಬರ್ಬೇಕಾ ಅಂತ ನಿಂತಿದ್ದಾರೇನೋ ಪಾಪ, ಹಂಗೇ ಬನ್ನಿ ಅಣ್ಣ, ಎಂದಳು.

ನಾನು ಹಗ್ಗದಿಂದ ಇಳಿದೆ. ಒಳಗಿನ ಬೆಳಕು ಕಿಟಕಿಯಿಂದ ಒಮ್ಮೆಲೇ ಸರಿದುಹೋಯಿತು. ನಾನು ಸುತ್ತಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ದಾದಾಪೀರನ ತಮ್ಮ ದೀಪ ಹಾಕಿದ್ದ. ಮರುಳಪ್ಪ ದಾದಾಪೀರನನ್ನು ಅತ್ತ ಒತ್ತರಿಸಿ, ತಾನೂ ಒತ್ತರಿಸಿಕೊಂಡು, ಪಕ್ಕದಲ್ಲಿ ಜಾಗ ಮಾಡಿದ. ಹಸಿರು ಬಟ್ಟೆ ಅಲ್ಲಲ್ಲಿ ಸವೆದು ನೂಲು ಕಾಣುತ್ತಿತ್ತು, ಕೂತರೆ ಚುಚ್ಚುತ್ತಿತ್ತು. ಚುಚ್ಚತ್ತೆ ಅಲ್ವೇನೋ, ಎಂದು ಅವನು ಈಗಷ್ಟೇ ಅದರ ಮೇಲೆ ಕೂತವನ ಹಾಗೆ ಆಶ್ಚರ್ಯದಿಂದ ಕೇಳಿದ. ಸಿದ್ದಮ್ಮ ಕಾಫಿ ತಂದಳು. ವಿಮಲಾಕ್ಷಿ ತಮ್ಮ ಲೋಟವನ್ನು ಮೋಡಾದ ಮೇಲಿಟ್ಟು, ಎದ್ದು ಹೋಗಿ ಪರದೆಯನ್ನು ಸರಳಿನಿಂದ ಬಿಡಿಸಿ ಪೂರ್ತಿ ಸರಿಸಿದರು. ಬೀದಿಯ ಗಾಳಿ ಬಂತು. ಎದ್ದು ಹೋಗುವ ಆತುರ ಯಾರಿಗೂ ಇದ್ದಂತಿರಲಿಲ್ಲ.

ಮರುದಿನ ವಿಮಲಾಕ್ಷಿ ಬಸ್ಸು ಹತ್ತಿದರು. ಆ ಭಾನುವಾರದ ಸಂಜೆ ಮಾತ್ರ ಸೋಫಾದಲ್ಲಿ ಮೂವರು ಹಿಡಿದಿದ್ದರು. ಟಿವಿಯಲ್ಲಿ ಈಗ ಕೋಳಿಮರಿಗಳಿವೆ.